ಹಾಯಿದೋಣಿಯ ಸಂಸಾರವೂ ಚಂಡಮಾರುತದ ಆಶ್ರಯವೂ

ಮನೆಯನ್ನೇ ನೀರಿನ ಮೇಲೆ ತೇಲಿಸಿಕೊಂಡು ಊರೂರು ಅಲೆಯುವ ಜನರುಂಟೆಂದರೆ ನಮ್ಮ ವಾಚಕರು ನಗಬಹುದು. ಆದರೆ ಅಟ್ಲಾಂಟಿಕ್ ಸಾಗರಕ್ಕೂ ಕೆರಿಬಿಯನ್ ಸಮುದ್ರಕ್ಕೂ ನಡುವೆ ಬಿಲ್ಲಿನಂತೆ ಬಾಗಿ ನಿಂತಿರುವ ದ್ವೀಪಮಾಲೆಯಲ್ಲಿ ಇದು ಪ್ರತಿವರ್ಷದ ನೋಟ. ಹತ್ತು ಹನ್ನೆರಡು ಮೀಟರು ಉದ್ದದ ಹಾಯಿದೋಣಿಯೊಂದರಲ್ಲಿ ಗಂಡಹೆಂಡಿರು, ಕೆಲವು ವೇಳೆ ಮಕ್ಕಳೂ ಕೂಡಿ, ತಿಂಗಳುಗಟ್ಟಲೆ ಸಂಸಾರ ನಡೆಯಿಸುವರು. ಒಲೆಯನ್ನು ಎರಡು ಕೀಲುಗಳ ಮೇಲೆ ತೊಟ್ಟಿಲಿನಂತೆ ತೂಗುಬಿಟ್ಟಿರುವುದರಿಂದ, ದೋಣಿ ವಾಲಿದರೂ ಮೇಲಿನ ಪಾತ್ರೆ ಮಟ್ಟವಾಗಿಯೇ ಇರುವುದು. ಕುಡಿಯುವ ನೀರನ್ನು ತುಪ್ಪದಂತೆ ಅಳೆದು ಬಳಸುವರು. ಅಷ್ಟು ಇಕ್ಕಟ್ಟಿನಲ್ಲಿ ಜಗಳವಿಲ್ಲದೆ ಬಾಳುವುದೇ ಒಂದು ದೊಡ್ಡ ವಿದ್ಯೆಯೆಂದು ನಮಗೆ ತೋರುತ್ತದೆ. ಆದರೆ ನಾವು ಹೇಳಹೊರಟದ್ದು ಬೇರೆ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಲ್ಲಿ ಪೂರ್ವದ ಕಡೆಯಿಂದ ವಾಣಿಜ್ಯ ಮಾರುತವು ನಂಬಿಕೆಯ ಆಳಿನಂತೆ ತಪ್ಪದೆ ಬೀಸುವುದು. ಜೂನ್ 1ರಿಂದ ನವೆಂಬರ್ 30ರ ವರೆಗೆ ಚಂಡಮಾರುತದ ಕಾಲ. ಸೆಪ್ಟೆಂಬರಿನಲ್ಲಿ ಅದರ ಭಯ ಹೆಚ್ಚು. ಬುದ್ಧಿವಂತರು ಅಷ್ಟರೊಳಗೆ ದೋಣಿಯನ್ನು ದಕ್ಷಿಣಕ್ಕೆ ಸಾಗಿಸುವರು, ಇಲ್ಲವೆ ದಡಕ್ಕೆತ್ತಿಸಿ ಆಸರೆ ಕೊಟ್ಟು ನಿಲ್ಲಿಸುವರು. ಉಳಿದವರು ಅಡಗುವ ತಾಣವನ್ನು ಹುಡುಕಬೇಕು. ಇಂಥ ತಾಣಕ್ಕೆ ನಾವಿಕರು ಇಟ್ಟಿರುವ ಹೆಸರು ಚಂಡಮಾರುತದ ಬಿಲ. ಹೆಸರು ಸೊಗಸಾಗಿಲ್ಲ, ಅರ್ಥವೇನೋ ಸರಿಯಾಗಿದೆ.

ಬಿಲವೆಂದರೆ ಸುತ್ತಲೂ ಗುಡ್ಡಗಳಿದ್ದು, ಬಾಯಿ ಕಿರಿದಾಗಿ, ಒಳಗೆ ತಿರುವುಗಳುಳ್ಳ ಕೊಲ್ಲಿ. ಒಂದೇ ದಿಕ್ಕಿನ ಮರೆ ಸಾಲದು. ಚಂಡಮಾರುತವು ಚಕ್ರದಂತೆ ತಿರುಗುವುದರಿಂದ, ಅದರ ಕಣ್ಣು ತಲೆಯ ಮೇಲೆ ಹಾದುಹೋದರೆ ಗಾಳಿ ಸ್ವಲ್ಪ ಹೊತ್ತು ಅಡಗಿ, ಬಳಿಕ ಎದುರು ದಿಕ್ಕಿನಿಂದ ಬಂದು ಹೊಡೆಯುವುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುವುದೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು.

ಇಂಥ ಕೊಲ್ಲಿಗಳ ಒಳಮೂಲೆಯಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಕಾಲೂರಿ ಬೆಳೆಯುವ ಗಿಡಗಳುಂಟು. ಅಘನಾಶಿನಿಯ ಅಳಿವೆಯನ್ನು ಕಂಡವರಿಗೆ ಇದು ಹೊಸದಲ್ಲ. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವುದು ಈ ಜಾತಿಯನ್ನೇ. ದೋಣಿಯ ಮೂತಿಯನ್ನು ಕಾಂಡ್ಲಾ ಗಿಡಗಳೊಳಗೆ ನುಗ್ಗಿಸಿ, ಹತ್ತಾರು ಹಗ್ಗಗಳಿಂದ ಬೇರುಬೇರಿಗೂ ಜೇಡನ ಬಲೆಯಂತೆ ಬಿಗಿದು, ಹಿಂಭಾಗದಿಂದ ಲಂಗರುಗಳನ್ನು ಇಳಿಸುವರು. ಹಾಯಿ, ನೆರಳಿನ ಬಟ್ಟೆ, ಹೀಗೆ ಗಾಳಿಗೆ ಸಿಕ್ಕುವ ಯಾವತ್ತನ್ನೂ ಬಿಚ್ಚಿ ಕೆಳಗಿಡುವರು. ಹಗ್ಗವು ಬಹುಮಟ್ಟಿಗೆ ತುಂಡಾಗುವುದು ಎಳೆತದಿಂದಲ್ಲ, ಉಜ್ಜುವುದರಿಂದ. ಅದಕ್ಕಾಗಿ ಅದು ದೋಣಿಯ ಅಂಚನ್ನು ದಾಟುವೆಡೆಯಲ್ಲೆಲ್ಲ ಹಳೆಯ ಬಟ್ಟೆಯನ್ನೋ ರಬ್ಬರಿನ ಕೊಳವೆಯನ್ನೋ ಸುತ್ತುವರು. ಈ ಕೆಲಸವೆಲ್ಲ ಮುಗಿದಮೇಲೆ ತಿಳಿದವರು ದೋಣಿಯಲ್ಲಿ ನಿಲ್ಲದೆ ದಡಕ್ಕೆ ಹೋಗಿ ಗಟ್ಟಿಯಾದ ಮನೆಯೊಂದನ್ನು ಸೇರುವರು. ಕೈಯಾರೆ ಸಾಕಿದ ಮನೆಯನ್ನು ಬಿಟ್ಟುಹೋಗುವ ಆ ಗಳಿಗೆಯೇ ಎಲ್ಲಕ್ಕಿಂತ ಕಠಿಣವಾದದ್ದಿರಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿದೇ ಇರುವುದು, ಅದು ನೆರೆಯ ದೋಣಿ. ಪೋರ್ಟೊರಿಕೋದ ಪೂರ್ವಕ್ಕಿರುವ ಕುಲೆಬ್ರಾ ಎಂಬ ಪುಟ್ಟ ದ್ವೀಪದಲ್ಲಿ ಎನ್ಸೆನಾದಾ ಓಂಡಾ ಎಂಬ ಆಳವಾದ ಕೊಲ್ಲಿಯಿದೆ. ಆ ಕಡೆಯಲ್ಲಿ ಅದಕ್ಕಿಂತ ಒಳ್ಳೆಯ ಬಿಲವಿಲ್ಲವೆಂದು ಪ್ರತೀತಿಯಿತ್ತು. 1989ನೆಯ ಸೆಪ್ಟೆಂಬರಿನಲ್ಲಿ ಹ್ಯೂಗೋ ಎಂಬ ಚಂಡಮಾರುತ ಬರುವ ಸುದ್ದಿ ಹಬ್ಬಿದಾಗ, ಸುತ್ತಣ ದ್ವೀಪಗಳಿಂದ ನೂರಾರು ದೋಣಿಗಳು ಅಲ್ಲಿಗೇ ಧಾವಿಸಿದವು. ಕೊಲ್ಲಿಯ ಗುಣವೇ ಅದಕ್ಕೆ ಮುಳುವಾಯಿತು. ಸೆಪ್ಟೆಂಬರ್ 18ರಂದು ಹ್ಯೂಗೋ ಬಂದೆರಗಿದಾಗ, ಒಂದು ದೋಣಿ ಕಿತ್ತುಕೊಂಡು ಇನ್ನೊಂದರ ಮೇಲೆ ಬಿದ್ದು ಅದರ ಹಗ್ಗವನ್ನೂ ಹರಿಯಿತು. ಆ ಎರಡೂ ಸೇರಿ ಮೂರನೆಯದನ್ನು ಎಳೆದವು. ಚೆನ್ನಾಗಿ ಕಟ್ಟಿದವನ ದೋಣಿಯೂ ಕಟ್ಟದವನ ದೋಣಿಯೂ ಒಂದೇ ರಾಶಿಯಾಗಿ ದಡದಲ್ಲಿ ಬಿದ್ದವು.

ಗ್ರೆನೇಡಾ ದ್ವೀಪದ ಕಥೆ ಬೇರೆ ಬಗೆಯದು. ಅದು ಬಹಳ ದಕ್ಷಿಣಕ್ಕಿರುವುದರಿಂದ ಚಂಡಮಾರುತದ ದಾರಿಗೆ ಹೊರಗೆಂದು ನಾವಿಕರು ನಂಬಿದ್ದರು. 1955ರಲ್ಲಿ ಜ್ಯಾನೆಟ್ ಎಂಬುದು ಬಡಿದಿದ್ದರೂ, ನಲವತ್ತೊಂಬತ್ತು ವರ್ಷಗಳಲ್ಲಿ ಅದರ ನೆನಪು ಮಾಸಿತ್ತು. 2004ನೆಯ ಸೆಪ್ಟೆಂಬರ್ 7ರಂದು ಐವನ್ ಬಂದಿತು. ದ್ವೀಪದಲ್ಲಿ 39 ಜನ ಸತ್ತರು. ನೂರಕ್ಕೆ ತೊಂಬತ್ತರಷ್ಟು ಮನೆಗಳು ಜಖಂ ಆದವು. ದಡಕ್ಕೆತ್ತಿ ಆಸರೆ ಕೊಟ್ಟು ನಿಲ್ಲಿಸಿದ್ದ ದೋಣಿಗಳು ಸಾಲಾಗಿ ಒಂದರ ಮೇಲೊಂದು ಉರುಳಿದವು. ಬದುಕಿಕೊಂಡ ದ್ವೀಪದವರು ಸೂರಿಲ್ಲದೆ ನಿಂತಿರುವಾಗ, ಪರದೇಶದವರ ವಿಹಾರದೋಣಿಗಳ ಲೆಕ್ಕವನ್ನು ನಾವು ಉದ್ದಕ್ಕೆ ಬರೆಯುವುದು ಒಪ್ಪುವುದಿಲ್ಲ.

ಗ್ರೆನೇಡಾಕ್ಕೆ ಸೇರಿದ ಕಾರಿಯಾಕು ಎಂಬ ಚಿಕ್ಕ ದ್ವೀಪವೂ ಇಂಥದೇ ಆಶ್ರಯಸ್ಥಾನವೆನಿಸಿತ್ತು. ಅಲ್ಲಿನ ಟಿರೆಲ್ ಕೊಲ್ಲಿಯ ಪಕ್ಕದ ಕಾಂಡ್ಲಾ ವನದಲ್ಲಿ ದೋಣಿಗಳು ಅಡಗುತ್ತಿದ್ದವು. 2024ನೆಯ ಜುಲೈ 1ರಂದು, ಕಾಲಕ್ಕೆ ಬಹು ಮುಂಚಿತವಾಗಿ, ನಾಲ್ಕನೆಯ ದರ್ಜೆಯ ಬೆರಿಲ್ ಚಂಡಮಾರುತವು ನೇರವಾಗಿ ಅದರ ಮೇಲೆಯೇ ಹಾದುಹೋಯಿತು. ಹಗ್ಗ ಕಟ್ಟಿಸಿಕೊಂಡಿದ್ದ ಗಿಡಗಳೇ ಎಲೆಯುದುರಿ, ಕೊಂಬೆ ಮುರಿದು ಬೋಳಾದವು. ಕೆಂಪು ಕಾಂಡ್ಲಾದ ಬೀಜವು ತಾಯಿಗಿಡದಲ್ಲಿರುವಾಗಲೇ ಮೊಳೆತು, ಗೇಣುದ್ದದ ಕೋಲಿನಂತಾಗಿ ಕೆಸರಿಗೆ ಬಿದ್ದು ಬೇರುಬಿಡುವುದು. ದೋಣಿಯೊಂದರ ಎಳೆತವನ್ನು ತಾಳುವಷ್ಟು ಅದು ಬಲಿಯಬೇಕಾದರೆ ಅನೇಕ ವರ್ಷಗಳು ಹಿಡಿಯುವುವು.