ಬಣ್ಣಕ್ಕೊಂದು ಅಳತೆಗೋಲು

ಸೀರೆಯನ್ನು ಕೊಳ್ಳುವವರು ಅದನ್ನು ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡುವ ವಾಡಿಕೆಯನ್ನು ವಾಚಕರು ಬಲ್ಲರು. ಒಳಗಿನ ದೀಪವನ್ನು ನಂಬಲಾಗದೆಂಬ ಅನುಭವವೇ ಇದಕ್ಕೆ ಕಾರಣ. ಆದರೆ ಕಂಪ್ಯೂಟರಿನ ಮಾನಿಟರಿನಲ್ಲಿ ಕಾಣುವ ಸೀರೆಯನ್ನು ಬಾಗಿಲಿಗೆ ಒಯ್ಯುವಂತಿಲ್ಲ. ಅಲ್ಲಿ ಬೆಳಕೂ ತೆರೆಯದೇ, ಬಣ್ಣವೂ ತೆರೆಯದೇ. ಒಂದೇ ಚಿತ್ರವನ್ನು ಎರಡು ತೆರೆಗಳಲ್ಲಿ ಅಕ್ಕಪಕ್ಕದಲ್ಲಿ ನೋಡಿದರೆ ಒಂದರಲ್ಲಿ ನಸುನೀಲಿಯೂ ಇನ್ನೊಂದರಲ್ಲಿ ನಸುಹಳದಿಯೂ ಬೆರೆತಂತೆ ತೋರುವುದುಂಟು. ಇವುಗಳಲ್ಲಿ ಯಾವುದು ಸರಿ? ಅಂಗಾಂಶದ ಚಿತ್ರವನ್ನು ತೆರೆಯ ಮೇಲೆ ಪರೀಕ್ಷಿಸಿ ರೋಗವನ್ನು ನಿರ್ಣಯಿಸುವ ವೈದ್ಯರಿಗೂ, ಬಣ್ಣದ ಪುಟಗಳನ್ನು ಅಚ್ಚಿಗೆ ಕಳುಹಿಸುವ ಮುದ್ರಕರಿಗೂ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ತೆರೆಯ ಪ್ರತಿಯೊಂದು ಚುಕ್ಕೆಯಲ್ಲಿಯೂ ಕೆಂಪು, ಹಸುರು, ನೀಲಿ ಬೆಳಕನ್ನು ಕೊಡುವ ಮೂರು ಭಾಗಗಳಿವೆ. ಈ ಮೂರು ಬೆಳಕುಗಳ ಬೆರಕೆಯಿಂದ ವರ್ಣಚಿತ್ರವನ್ನು ಪಡೆಯಬಹುದೆಂಬುದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟನು. ಕಂಪ್ಯೂಟರು ಸಾಮಾನ್ಯವಾಗಿ ಒಂದೊಂದು ಬೆಳಕಿನ ಪ್ರಮಾಣವನ್ನೂ 0ಯಿಂದ 255ರ ವರೆಗಿನ ಸಂಖ್ಯೆಯಿಂದ ಸೂಚಿಸುತ್ತದೆ; ಹೀಗೆ 1,67,77,216 ಬೆರಕೆಗಳು ಸಾಧ್ಯ. ಆದರೆ ಸಂಖ್ಯೆಯೇ ಬಣ್ಣವಲ್ಲ; ಅದೊಂದು ಆಜ್ಞೆ ಮಾತ್ರ. 'ಕೆಂಪು 200' ಎಂಬ ಒಂದೇ ಆಜ್ಞೆಯನ್ನು ಬೇರೆ ಬೇರೆ ತೆರೆಗಳು ತಮ್ಮ ರಚನೆಗೂ ವಯಸ್ಸಿಗೂ ತಕ್ಕಂತೆ ಬೇರೆ ಬೇರೆಯಾಗಿ ನೆರವೇರಿಸುತ್ತವೆ.

ಕಣ್ಣಿನಿಂದಲೇ ನೋಡಿ ಸರಿಪಡಿಸಬಾರದೇ ಎಂದು ಕೇಳಬಹುದು. ಅಕ್ಕಪಕ್ಕದ ಎರಡು ಬಣ್ಣಗಳನ್ನು ಹೋಲಿಸುವುದರಲ್ಲಿ ಕಣ್ಣು ಬಹು ಚುರುಕು. ಆದರೆ ಬಿಳಿಯ ಕಾಗದವು ನಡುಹಗಲಿನಲ್ಲಿ ತೋರುವಂತೆ ಹಳದಿಯ ದೀಪದ ಕೆಳಗೂ ನಮಗೆ ಬಿಳಿಯಾಗಿಯೇ ತೋರುತ್ತದೆ. ಸುತ್ತಲಿನ ಬೆಳಕಿಗೆ ಕಣ್ಣೂ ಮಿದುಳೂ ಹೊಂದಿಕೊಳ್ಳುವುದೇ ಇದಕ್ಕೆ ಕಾರಣ. ನಿತ್ಯಜೀವನದಲ್ಲಿ ಉಪಕಾರಿಯಾದ ಈ ಗುಣವೇ ಅಳತೆಯ ಕೆಲಸದಲ್ಲಿ ನಮ್ಮನ್ನು ವಂಚಿಸುತ್ತದೆ.

ಆದುದರಿಂದ ಎಲ್ಲರೂ ಒಪ್ಪಬಹುದಾದ ಅಳತೆಗೋಲೊಂದು ಅವಶ್ಯಕವಾಯಿತು. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬ ವಿಜ್ಞಾನಿಗಳು ಹಲವು ವೀಕ್ಷಕರಿಂದ ಬಣ್ಣಗಳನ್ನು ಹೊಂದಿಸಿ ನೋಡಿಸಿ ಪಡೆದ ಫಲಿತಾಂಶಗಳ ಆಧಾರದ ಮೇಲೆ, ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1931ರಲ್ಲಿ 'ಪ್ರಮಾಣ ವೀಕ್ಷಕ'ನನ್ನು ನಿರೂಪಿಸಿತು. ಅಂದಿನಿಂದ ಯಾವ ಬಣ್ಣವನ್ನಾದರೂ, ಅದನ್ನು ತೋರಿಸುವ ಯಂತ್ರದ ಹಂಗಿಲ್ಲದೆ, ಮೂರು ಸಂಖ್ಯೆಗಳಲ್ಲಿ ಹೇಳುವುದು ಸಾಧ್ಯವಾಯಿತು. ಕಂಪ್ಯೂಟರಿನ ತೆರೆಗಳಿಗಾಗಿ 1996ರಲ್ಲಿ ಸೂಚಿತವಾಗಿ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ 'ಎಸ್‌ಆರ್‌ಜಿಬಿ' ಪದ್ಧತಿಗೂ ಇದೇ ತಳಹದಿ. ಇದರಲ್ಲಿ ಬಿಳಿಯೆಂದರೆ ಸುಮಾರು 6500 ಕೆಲ್ವಿನ್ ವರ್ಣತಾಪದ ಹಗಲು ಬೆಳಕು. ಅಂಗಡಿಯ ಬಾಗಿಲಿನ ಬೆಳಕನ್ನೇ ತೆರೆಯ ಒಳಕ್ಕೆ ತಂದಂತಾಯಿತಲ್ಲವೇ?

ಇನ್ನು ತೆರೆಯನ್ನು ಸರಿಹೊಂದಿಸುವ ಕ್ರಮವನ್ನು ನೋಡೋಣ. ತೆರೆಯನ್ನು ಅರ್ಧ ಗಂಟೆಯ ಕಾಲ ಉರಿಯಬಿಟ್ಟು, ಅದರ ಬೆಳಕು ಸ್ಥಿರವಾದ ಬಳಿಕ ಕಲರಿಮೀಟರ್ ಎಂಬ ಉಪಕರಣವನ್ನು ಅದರ ಮುಖಕ್ಕೆ ತಾಗಿಸಿಡುತ್ತಾರೆ. ಕಂಪ್ಯೂಟರು ಗೊತ್ತಾದ ಬಣ್ಣಗಳನ್ನು ಒಂದೊಂದಾಗಿ ತೋರಿಸುತ್ತದೆ; ಉಪಕರಣವು ನಿಜವಾಗಿ ಹೊಮ್ಮಿದ ಬೆಳಕನ್ನು ಅಳೆಯುತ್ತದೆ. ಬೂದು ಬಣ್ಣದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೂರು ಬಣ್ಣಗಳಿಗೂ 128 ಎಂದು ಆಜ್ಞಾಪಿಸಿದಾಗ ಪೂರ್ಣ ಬಿಳಿಯ ಅರ್ಧದಷ್ಟಲ್ಲ, ನೂರಕ್ಕೆ ಸುಮಾರು 22ರಷ್ಟು ಬೆಳಕು ಮಾತ್ರ ಬರಬೇಕು. ಮಂದ ಬೆಳಕಿನ ವ್ಯತ್ಯಾಸಗಳನ್ನು ಕಣ್ಣು ಚೆನ್ನಾಗಿ ಗುರುತಿಸುವುದರಿಂದ ಈ ಏರ್ಪಾಡು ಅನುಕೂಲವಾಗಿದೆ. ಅಳತೆಯಲ್ಲಿ 30 ಬಂದರೆ ಚಿತ್ರದ ನೆರಳುಗಳು ಪೇಲವವಾಗಿವೆಯೆಂದು ತಿಳಿಯಬೇಕು. ಅಂಥಲ್ಲಿ ಕಡಮೆ ಸಂಖ್ಯೆಯನ್ನು ಕಳುಹಿಸುವಂತೆ ತಿದ್ದುಪಡಿಯ ಪಟ್ಟಿಯೊಂದು ಸಿದ್ಧವಾಗುತ್ತದೆ. ಬಳಿಕ ಆ ತೆರೆಯ ಗುಣಲಕ್ಷಣಗಳನ್ನು 'ಪ್ರೊಫೈಲ್' ಎಂಬ ಕಡತದಲ್ಲಿ ದಾಖಲಿಸುತ್ತಾರೆ. ಅದನ್ನು ಓದಬಲ್ಲ ತಂತ್ರಾಂಶಗಳು ಅದಕ್ಕನುಗುಣವಾಗಿ ಬಣ್ಣಗಳನ್ನು ತೋರಿಸುತ್ತವೆ.

ಇದಕ್ಕೂ ಮಿತಿಗಳುಂಟು. ತೆರೆಯ ಮೂರು ಮೂಲ ಬೆಳಕುಗಳಿಂದ ಹುಟ್ಟಲಾರದ ಬಣ್ಣವನ್ನು ಯಾವ ತಿದ್ದುಪಡಿಯೂ ಹುಟ್ಟಿಸಲಾರದು. ಕಿಟಕಿಯ ಬಿಸಿಲು ತೆರೆಯ ಮೇಲೆ ಬಿದ್ದರೆ ಅಳತೆಯ ಶ್ರಮವೆಲ್ಲ ವ್ಯರ್ಥ. ವೀಣೆಯ ತಂತಿಯು ಸಡಿಲವಾಗುವಂತೆ ತೆರೆಯ ಗುಣವೂ ಕಾಲಕ್ರಮದಲ್ಲಿ ಬದಲಾಗುವುದರಿಂದ ಆಗಾಗ ಮತ್ತೆ ಶ್ರುತಿಗೂಡಿಸಬೇಕು. ಚಿತ್ರವನ್ನು ಕಳುಹಿಸುವವರ ತೆರೆ ಮಾತ್ರ ಸರಿಯಿದ್ದರೂ ಸಾಲದು. ಅದನ್ನು ನೋಡುವವರ ತೆರೆಯೂ ಅದೇ ಅಳತೆಗೋಲಿಗೆ ಒಳಪಟ್ಟಾಗ ಮಾತ್ರ ಇಬ್ಬರೂ ಒಂದೇ ಬಣ್ಣವನ್ನು ಕುರಿತು ಮಾತನಾಡುತ್ತಿದ್ದಾರೆಂದು ನಾವು ನೆಚ್ಚಬಹುದು.