ವಾರ್ಡಿನ ಶಿಸ್ತಿಗೆ ಗದರಿಕೆ ಮದ್ದಲ್ಲ

ಕಾಸರಗೋಡಿನ ಜನರಲ್ ಆಸ್ಪತ್ರೆಯಾಗಲಿ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಾಗಲಿ, ದಾದಿ ತಡವಾಗಿ ಬಂದರೆ, ಕೊಟ್ಟ ಮದ್ದನ್ನು ಬರೆದಿಡದಿದ್ದರೆ ಮೊದಲು ಗಮನಿಸಬೇಕಾದವರು ಹೆಡ್ ನರ್ಸ್. ರೋಗಿಗಳೆದುರು ಗದರಿಸಿದರೆ ಶಿಸ್ತು ಬರುತ್ತದೆಂದು ಹಲವರ ಎಣಿಕೆ. ನಾವು ಒಪ್ಪಲಾರೆವು. ಬೈಗುಳಕ್ಕೆ ಹೆದರಿದವಳು ಮುಂದಿನ ತಪ್ಪನ್ನು ಮುಚ್ಚಿಡುತ್ತಾಳೆ. ಅದರ ಫಲ ಉಣ್ಣುವವನು ರೋಗಿ.

ಸರಕಾರಿ ದಾದಿಯರಿಗೆ ಅನ್ವಯಿಸುವುದು 1960ರ ಕೇರಳ ಸಿವಿಲ್ ಸರ್ವಿಸ್ ನಿಯಮಗಳು. ಅವುಗಳಂತೆ ವೇತನದ ಏರಿಕೆ ತಡೆಯುವ ಮೊದಲು ಆರೋಪವನ್ನು ಬರೆದು ತಿಳಿಸಿ ಸಮಜಾಯಿಷಿ ಕೇಳಬೇಕು. ಕೆಲಸದಿಂದ ವಜಾ ಮಾಡುವ ಮುನ್ನ ವಿಚಾರಣೆ ನಡೆಯಬೇಕೆಂಬುದು ಸಂವಿಧಾನದ 311ನೆಯ ವಿಧಿಯ ಸಾಮಾನ್ಯ ನಿಯಮ. ಆದುದರಿಂದ ಹೆಡ್ ನರ್ಸ್ ಹಿಡಿಯಬೇಕಾದದ್ದು ಬೆತ್ತವಲ್ಲ, ಲೇಖನಿ. ತಪ್ಪು ನಡೆದ ದಿನ, ಹೊತ್ತು ವರದಿಯಲ್ಲಿರಲಿ. ಆ ರಾತ್ರಿ ಒಬ್ಬಳೇ ದಾದಿ ಎರಡು ವಾರ್ಡು ನೋಡುತ್ತಿದ್ದಳೇ ಎಂಬುದೂ ಇರಲಿ.

ನಮ್ಮವರಿಗೂ ಇದೇ ಮಾತು. ಮಲಯಾಳ ಬಾರದೆಂಬ ಅಳುಕಿನಿಂದ ದೂರನ್ನು ನುಂಗಿಕೊಳ್ಳುವವರುಂಟು. ವರಾಂಡದಲ್ಲಿ ಕೂಗಾಡಿ ಮನೆಗೆ ಮರಳುವವರೂ ಉಂಟು. ಎರಡರಿಂದಲೂ ಫಲವಿಲ್ಲ. ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಕನ್ನಡ ಅಲ್ಪಸಂಖ್ಯಾತರ ಹಕ್ಕನ್ನು ಕೇರಳವು 1969ರ ಶಾಸನದಲ್ಲೇ ಮಾನ್ಯ ಮಾಡಿದೆ. ನಡೆದದ್ದನ್ನಷ್ಟೇ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಆಸ್ಪತ್ರೆಯ ಸುಪರಿಂಟೆಂಡೆಂಟರಿಗೆ ಕೊಡಿ; ಒಂದು ಪ್ರತಿ ನಿಮ್ಮಲ್ಲಿರಲಿ. ಕೂಗು ಗಾಳಿಗೆ ಹೋಗುತ್ತದೆ. ಬರೆದ ದೂರಿಗೆ ಉತ್ತರ ಕೇಳಬಹುದು.