ನೋವರಿಯದ ಪಾದ

ನಮಸ್ಕರಿಸಲು ಬಾಗುವವರನ್ನು ಕಂಡಾಗಲೆಲ್ಲ ನನ್ನಲ್ಲೊಂದು ಪ್ರಶ್ನೆ ಏಳುತ್ತದೆ: ಹಿರಿಯರ ಪಾದಗಳಿಗೆ ಎರಗುವ ನಾವು ಅವರ ಅಂಗಾಲನ್ನು ಎಂದಾದರೂ ನೋಡಿದ್ದೇವೆಯೇ? ಮಧುಮೇಹದಿಂದ ನರಗಳು ಜಡವಾದ ಪಾದಕ್ಕೆ ಮುಳ್ಳು ನೆಟ್ಟರೂ ಚಪ್ಪಲಿ ಕಚ್ಚಿದರೂ ತಿಳಿಯದು. ಹುಣ್ಣು ಸದ್ದಿಲ್ಲದೆ ಬಲಿಯುತ್ತದೆ.

ನೋವಿನ ಅರಿವು ಅಳಿದ ಅಂಗವೇ ಬೇಗ ಕೆಡುವುದೆಂಬ ಸತ್ಯವನ್ನು, 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡರು ಕುಷ್ಠರೋಗಿಗಳಲ್ಲಿ ಕಂಡರು; ಆ ತಿಳಿವು ಮುಂದೆ ಮಧುಮೇಹಿಗಳಿಗೂ ಒದಗಿತು. ಇಂದು ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುತ್ತಾರೆ. ಅದು ವರ್ಷಕ್ಕೊಮ್ಮೆಯ ಮಾತು. ದಿನದಿನದ ಪರೀಕ್ಷೆ ಮನೆಯವರದು.

ಕಣ್ಣು ಮಂಜಾದ, ನಡು ಬಾಗದ ಹಿರಿಯರು ತಮ್ಮ ಅಂಗಾಲನ್ನು ತಾವೇ ಕಾಣಲಾರರು. ಮೊಮ್ಮಕ್ಕಳು ದಿನಕ್ಕೊಮ್ಮೆ ನೋಡಲಿ; ಗಾಯ ಕಂಡ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಲಿ. ನೋಡೆಂದು ಕಾಲು ನೀಡಲು ಹಿರಿಯರೂ ಸಂಕೋಚಪಡದಿರಲಿ.